ಸರ್ವರ್‌ಗೆ ಯಾರು ಬಂದರು? ಧಾರಾವಿಯಿಂದ ಬಂದ ಪತ್ರಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮುಂಬೈಯ ಧಾರಾವಿಯವು. ಕಂಪ್ಯೂಟರ್ ಭದ್ರತೆಯೆಂದರೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡಗಳ ಚಿಂತೆ ಎಂದುಕೊಂಡವರು ಮೀಠಿ ನದಿಯ ಈಚೆಗೂ ಬಂದು ನೋಡಬೇಕು. ಚರ್ಮದ ಬ್ಯಾಗು, ಸಿದ್ಧ ಉಡುಪು, ಪ್ಲಾಸ್ಟಿಕ್ ಮರುಬಳಕೆಯ ಎಷ್ಟೋ ಗಾಲಾಗಳಲ್ಲಿ, ಅಂದರೆ ಸಣ್ಣ ಕಾರ್ಖಾನೆಯ ಕೋಣೆಗಳಲ್ಲಿ, ಕಬ್ಬಿಣದ ಏಣಿ ಹತ್ತಿ ಮಾಳಿಗೆಗೆ ಹೋದರೆ ಒಂದು ಕಂಪ್ಯೂಟರ್ ಇರುತ್ತದೆ. ಅದರಲ್ಲಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ, ಜಿಎಸ್‌ಟಿ ಬಿಲ್ಲು, ಬಾಕಿ ಕೊಡಬೇಕಾದವರ ಪಟ್ಟಿ, ಇಡೀ ವ್ಯಾಪಾರವೇ ಇರುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ನೆಲೆಸಿದ ಮನೆಗಳ ಮಕ್ಕಳು ಈಗ ಅಂಥ ಕಂಪ್ಯೂಟರುಗಳ ಮುಂದೆ ಕೂತಿದ್ದಾರೆ. ಪತ್ರಗಳೆಲ್ಲ ಸುತ್ತುವುದು ಒಂದೇ ಪ್ರಶ್ನೆಯ ಸುತ್ತ: ಸರ್ವರ್‌ಗೆ ಯಾರಾದರೂ ಲಾಗಿನ್ ಆದ ಕೂಡಲೇ ನಮಗೆ ಇ-ಮೇಲ್ ಬರುವಂತೆ ಮಾಡುವುದು ಹೇಗೆ? ಅದಕ್ಕೇ ಒಟ್ಟಿಗೆ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಸಾಯನ್–ಬಾಂದ್ರಾ ಲಿಂಕ್ ರಸ್ತೆಯ ಹಿಂದೆ ನಮ್ಮ ಕಾರ್ಖಾನೆ. ವಿಂಡೋಸ್ ಸರ್ವರ್ ಇಟ್ಟು ಟ್ಯಾಲಿ ಹಾಕಿದ್ದೇವೆ. ಲೆಕ್ಕ ಬರೆಯುವವರು ಡೊಂಬಿವಲಿಯ ಮನೆಯಿಂದ, ಆಡಿಟರ್ ಕಡೆಯ ಹುಡುಗ ಠಾಣೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬರುತ್ತಾರೆ. ಎಲ್ಲರಿಗೂ ಒಂದೇ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್. ಗಣಪತಿ ರಜೆಯಲ್ಲಿ ಬಾಗಿಲು ಹಾಕಿದ್ದಾಗ ಯಾರೋ ಬಂದುಹೋದ ಗುರುತು ಕಂಡಿತು. ಇನ್ನು ಮುಂದೆ ಯಾರು ಬಂದರೂ ನನ್ನ ಮೊಬೈಲಿಗೆ ಮೇಲ್ ಬರಬೇಕು. ಆಗುತ್ತದೆಯೇ?
– ಚರ್ಮದ ಬ್ಯಾಗ್ ತಯಾರಕರು, ಧಾರಾವಿ

ಉತ್ತರ: ಆಗುತ್ತದೆ. ಹೊಸ ಸಾಫ್ಟ್‌ವೇರ್ ಕೊಳ್ಳುವ ಅಗತ್ಯವೂ ಇಲ್ಲ. ಆದರೆ ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ. ಈಗಿರುವಂತೆಯೇ ಮೇಲ್ ವ್ಯವಸ್ಥೆ ಮಾಡಿದರೆ ಪ್ರತಿ ಮೇಲ್‌ನಲ್ಲೂ ‘ಅಡ್ಮಿನಿಸ್ಟ್ರೇಟರ್ ಬಂದರು’ ಎಂದೇ ಇರುತ್ತದೆ. ಬಂದದ್ದು ಡೊಂಬಿವಲಿಯವರೋ, ಠಾಣೆಯ ಹುಡುಗನೋ, ಕಳ್ಳನೋ? ಮೇಲ್ ಓದಿದರೂ ತಿಳಿಯುವುದಿಲ್ಲ. ಏನೂ ತಿಳಿಸದ ಮೇಲ್ ಅನ್ನು ಯಾರೂ ಬಹಳ ದಿನ ಓದುವುದಿಲ್ಲ, ನೀವೂ ಓದುವುದಿಲ್ಲ. ಆದ್ದರಿಂದ ಇಂದೇ ಒಬ್ಬೊಬ್ಬರಿಗೂ ಅವರವರ ಹೆಸರಿನ ಖಾತೆ, ಬೇರೆ ಬೇರೆ ಪಾಸ್‌ವರ್ಡ್ ಮಾಡಿಕೊಡಿ. ಅಡ್ಮಿನಿಸ್ಟ್ರೇಟರ್ ಖಾತೆಗೆ ಹೊರಗಿನಿಂದ ಬರುವ ದಾರಿ ಮುಚ್ಚಿ. ಟ್ಯಾಲಿಯೊಳಗೂ ಹೀಗೆಯೇ ಆಗಬೇಕು. ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಸಂಸ್ಥೆಗಳು ಪ್ರತಿ ತಿದ್ದುಪಡಿಯ ಜಾಡು ಉಳಿಸುವ ಲೆಕ್ಕದ ಸಾಫ್ಟ್‌ವೇರನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಟ್ಯಾಲಿಯ ಎಡಿಟ್ ಲಾಗ್ ಆ ಜಾಡನ್ನು ಉಳಿಸುತ್ತದೆ. ನಿಮ್ಮದು ಒಬ್ಬರೇ ಮಾಲೀಕರ ಸಂಸ್ಥೆಯಾಗಿ ಆ ನಿಯಮ ತಾಗದಿದ್ದರೂ ಅದನ್ನು ಬಳಸಿ. ಎಲ್ಲರೂ ಒಂದೇ ಹೆಸರಿನಲ್ಲಿ ಕೂತರೆ ಅದರಿಂದಲೂ ಪ್ರಯೋಜನವಿಲ್ಲ.

ಈಗ ಮೇಲ್ ವಿಷಯ. ವಿಂಡೋಸ್ ಪ್ರತಿ ಲಾಗಿನ್ ಅನ್ನೂ ಈವೆಂಟ್ ವ್ಯೂವರ್‌ನಲ್ಲಿ ಬರೆದಿಡುತ್ತದೆ. ಸೆಕ್ಯುರಿಟಿ ಪಟ್ಟಿಯ 4624 ಸಂಖ್ಯೆಯನ್ನು ಹಿಡಿಯಿರಿ ಎಂದು ಬಹಳ ಜನ ಹೇಳುತ್ತಾರೆ. ಯಶಸ್ವಿ ಲಾಗಿನ್‌ಗೆ ಅದೇ ಸಂಖ್ಯೆ, ನಿಜ. ಆದರೆ ವಿಂಡೋಸಿನ ಒಳಗಿನ ಸೇವೆಗಳು ತಾವಾಗಿ ಲಾಗಿನ್ ಆದಾಗಲೂ 4624 ಬೀಳುತ್ತದೆ. ಅದನ್ನೇ ಮೇಲ್‌ಗೆ ಕಟ್ಟಿದರೆ ನಿಮ್ಮ ಇನ್‌ಬಾಕ್ಸ್ ಒಂದೇ ದಿನದಲ್ಲಿ ತುಂಬಿಹೋಗುತ್ತದೆ. ನಿಮಗೆ ಬೇಕಾದ ದಾಖಲೆ ಬೇರೆ ಕಡೆ ಇದೆ. ಅಪ್ಲಿಕೇಷನ್ಸ್ ಆ್ಯಂಡ್ ಸರ್ವಿಸಸ್ ಲಾಗ್ಸ್ ಒಳಗೆ ಮೈಕ್ರೋಸಾಫ್ಟ್, ಅದರೊಳಗೆ ವಿಂಡೋಸ್, ಅಲ್ಲಿ ಟರ್ಮಿನಲ್‌ಸರ್ವಿಸಸ್–ಲೋಕಲ್‌ಸೆಷನ್‌ಮ್ಯಾನೇಜರ್, ಅದರ ಆಪರೇಷನಲ್ ಪಟ್ಟಿ ತೆರೆಯಿರಿ. ಅಲ್ಲಿ 21 ಎಂದರೆ ಹೊಸ ಲಾಗಿನ್. 25 ಎಂದರೆ ಮುಚ್ಚದೆ ಬಿಟ್ಟುಹೋದ ಸೆಷನ್‌ಗೆ ಮತ್ತೆ ಬಂದು ಸೇರಿದ್ದು. ಎರಡೂ ಬೇಕು. ಲೆಕ್ಕ ಬರೆಯುವವರು ಸಾಮಾನ್ಯವಾಗಿ ಲಾಗ್‌ಆಫ್ ಮಾಡದೆ ಕಿಟಕಿಯನ್ನಷ್ಟೇ ಮುಚ್ಚಿ ಏಳುತ್ತಾರೆ, ಮರುದಿನ ಅವರು ಬಂದಾಗ ಬೀಳುವುದು 25. ಬಂದವರ ಹೆಸರು ಮತ್ತು ಯಾವ ಐಪಿ ವಿಳಾಸದಿಂದ ಬಂದರು ಎಂಬುದು ಎರಡೂ ದಾಖಲೆಗಳಲ್ಲಿ ಇರುತ್ತದೆ. ಕಾರ್ಖಾನೆಯಲ್ಲೇ ಕೂತು ಲಾಗಿನ್ ಆದರೆ ವಿಳಾಸದ ಜಾಗದಲ್ಲಿ ಲೋಕಲ್ ಎಂದಿರುತ್ತದೆ.

ಈ ಎರಡೂ ದಾಖಲೆಗಳ ಮೇಲೆ ಒಂದೊಂದಾಗಿ ಮೌಸಿನ ಬಲಗುಂಡಿ ಒತ್ತಿ ‘ಅಟ್ಯಾಚ್ ಟಾಸ್ಕ್ ಟು ದಿಸ್ ಈವೆಂಟ್’ ಆರಿಸಿ. ಮುಂದೆ ಟಾಸ್ಕ್ ಶೆಡ್ಯೂಲರ್ ‘ಸೆಂಡ್ ಆ್ಯನ್ ಇ-ಮೇಲ್’ ಎಂಬ ಆಯ್ಕೆ ತೋರಿಸಿದರೂ ಅದನ್ನು ಮುಟ್ಟಬೇಡಿ. 2012ರ ಸರ್ವರ್ ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿದೆ. ‘ಸ್ಟಾರ್ಟ್ ಎ ಪ್ರೋಗ್ರಾಂ’ ಆರಿಸಿ, ಕೊನೆಯ ದಾಖಲೆಯನ್ನು ಓದಿ ಮೇಲ್ ಕಳಿಸುವ ಹತ್ತಿಪ್ಪತ್ತು ಸಾಲಿನ ಪವರ್‌ಶೆಲ್ ಸ್ಕ್ರಿಪ್ಟ್ ಅನ್ನು ಓಡಿಸಿ. ನಿಮ್ಮ ಕಂಪ್ಯೂಟರ್ ನೋಡಿಕೊಳ್ಳುವ ಯಾವ ಹುಡುಗನಾದರೂ ಬರೆದುಕೊಡಬಲ್ಲ. ಟಾಸ್ಕ್‌ನ ಸೆಟ್ಟಿಂಗ್‌ನಲ್ಲಿ ‘ಯಾರೂ ಲಾಗಿನ್ ಆಗಿರದಿದ್ದರೂ ಓಡಲಿ’ ಎಂಬುದನ್ನು ಆರಿಸಲು ಹೇಳಿ. ಇದನ್ನು ಮರೆತರೆ ಟಾಸ್ಕ್ ಮಾಡಿಟ್ಟವರು ಲಾಗಿನ್ ಆಗಿರುವಾಗ ಮಾತ್ರ ಮೇಲ್ ಬರುತ್ತದೆ, ರಜೆಯ ದಿನ ಬರುವುದಿಲ್ಲ. ನಿಮಗೆ ಬೇಕಾದದ್ದೇ ರಜೆಯ ದಿನದ್ದು. ಕಳ್ಳರೂ ರಜೆ ನೋಡಿಯೇ ಬರುತ್ತಾರೆ. ಪುಣೆಯ ಕಾಸ್ಮೋಸ್ ಬ್ಯಾಂಕಿನ 94 ಕೋಟಿ ರೂಪಾಯಿ ಹೋದದ್ದು 2018ರ ಆಗಸ್ಟ್ 11ರ ಶನಿವಾರ ಮತ್ತು 13ರ ಸೋಮವಾರದ ನಡುವೆ.

ಇನ್ನೊಂದು ಮಾತು. ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟ್ ಅನ್ನು ಇಡೀ ಜಗತ್ತಿಗೆ ತೆರೆದಿಟ್ಟಿದ್ದರೆ ಮೊದಲು ಮುಚ್ಚಿಸಿ. ಸಂಖ್ಯೆ ಬದಲಿಸಿದರೆ ಸಾಕು ಎನ್ನುವವರ ಮಾತು ನಂಬಬೇಡಿ, ಹುಡುಕುವವರು ಎಲ್ಲ ಪೋರ್ಟ್‌ಗಳನ್ನೂ ತಡಕುತ್ತಾರೆ. ವಿಪಿಎನ್ ಹಾಕಿಸಿ, ಅದರ ಮೂಲಕವೇ ಬರಲಿ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಸಣ್ಣ ಸಂಸ್ಥೆಗಳೊಳಗೆ ನುಗ್ಗುವ ದೊಡ್ಡ ದಾರಿಗಳಲ್ಲಿ ಈ ತೆರೆದ ಪೋರ್ಟ್ ಒಂದು.

ಪ್ರಶ್ನೆ: ನಾನು 90 ಅಡಿ ರಸ್ತೆಯ ಉಡುಪಿನ ಕಾರ್ಖಾನೆಯಲ್ಲಿ ಬಿಲ್ ಬರೆಯುತ್ತೇನೆ. ನಾನು ಕಂಪ್ಯೂಟರ್ ತೆರೆದಾಗೆಲ್ಲ ಸೇಠ್‌ಗೆ ಮೇಲ್ ಹೋಗುತ್ತದೆಂದು ಜತೆಯವರಿಂದ ಗೊತ್ತಾಯಿತು. ಹತ್ತು ನಿಮಿಷ ತಡವಾದರೆ ಅದನ್ನೇ ತೋರಿಸಿ ಬಯ್ಯುತ್ತಾರೆ. ಇದು ಸರಿಯೇ?
– ಬಿಲ್ಲಿಂಗ್ ಕೆಲಸದವರು, ಧಾರಾವಿ

ಉತ್ತರ: ಲಾಗಿನ್‌ನ ಮೇಲ್ ತರಿಸಿಕೊಳ್ಳುವುದು ತಪ್ಪಲ್ಲ. ನಿಮಗೆ ಹೇಳದೆ ತರಿಸಿಕೊಂಡದ್ದು ಸರಿಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೆಲಸದ ಉದ್ದೇಶಕ್ಕೆ, ಸಂಸ್ಥೆಯನ್ನು ನಷ್ಟದಿಂದ ಕಾಪಾಡುವುದಕ್ಕೆ ನೌಕರರ ಮಾಹಿತಿ ಬಳಸಲು ಮಾಲೀಕರಿಗೆ ಅವಕಾಶ ಕೊಡುತ್ತದೆ. ಆದರೆ ಕಾನೂನು ಬಿಟ್ಟಿದೆ ಎಂದ ಮಾತ್ರಕ್ಕೆ ಮಾತನಾಡದೆ ಮಾಡಬೇಕೆಂದಿಲ್ಲ.

ಈ ಮೇಲ್ ಹಾಜರಿ ಪುಸ್ತಕವಲ್ಲ ಎಂಬುದನ್ನು ಮಾಲೀಕರು ತಿಳಿಯಬೇಕು. ಸರ್ವರ್ ನಿಧಾನವಾಗಿದ್ದರೆ, ಕರೆಂಟ್ ಹೋಗಿದ್ದರೆ, ನೀವು ಬಂದ ಮೇಲೆ ಕೆಳಗಿನ ಹೊಲಿಗೆಯವರ ಲೆಕ್ಕ ಬರೆದುಕೊಂಡು ಆಮೇಲೆ ಮೇಲೆ ಹತ್ತಿದ್ದರೆ ಲಾಗಿನ್ ತಡವಾಗುತ್ತದೆ. ಆದರೆ ಕೆಲಸ ತಡವಾಗಿರುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಬಯ್ಗುಳಕ್ಕೆ ಹೆದರಿದವರು ಬೇಗ ಬಂದವರಿಗೆ ತಮ್ಮ ಪಾಸ್‌ವರ್ಡ್ ಹೇಳಿ ‘ನನ್ನದೂ ತೆರೆದುಬಿಡು’ ಎನ್ನುತ್ತಾರೆ. ಅಲ್ಲಿಗೆ ಹೆಸರಿಗೂ ಮನುಷ್ಯರಿಗೂ ಇದ್ದ ನಂಟು ಹರಿಯಿತು, ಮೇಲ್ ಸುಳ್ಳು ಹೇಳಲು ತೊಡಗಿತು. ಈ ಪುಟವನ್ನೇ ನಿಮ್ಮ ಸೇಠ್‌ಗೆ ತೋರಿಸಿ. ಜತೆಗೆ ಒಂದು ಬೇಡಿಕೆ ಇಡಿ: ನಿಮ್ಮ ಹೆಸರಿನ ಲಾಗಿನ್‌ನ ಮೇಲ್ ನಿಮಗೂ ಒಂದು ಪ್ರತಿ ಬರಲಿ. ನೀವು ಮನೆಯಲ್ಲಿರುವಾಗ ನಿಮ್ಮ ಹೆಸರಿನಲ್ಲಿ ಯಾರಾದರೂ ಕೂತರೆ ಎಲ್ಲರಿಗಿಂತ ಮೊದಲು ಗುರುತಿಸುವವರು ನೀವೇ. ಮುಂದೆ ಲೆಕ್ಕದಲ್ಲಿ ತಪ್ಪು ಹೊರಬಂದು ಬೆರಳು ನಿಮ್ಮ ಕಡೆ ತಿರುಗಿದರೂ ಆ ಪ್ರತಿಯೇ ನಿಮ್ಮ ಸಾಕ್ಷಿ.

ಪ್ರಶ್ನೆ: ಸರ, ನಾ ಕಲಬುರಗಿ ಕಡಿಯಾಂವ, ಎಂಜಿನಿಯರಿಂಗ್ ಮುಗಿಸಿ ಇಲ್ಲೇ ಧಾರಾವ್ಯಾಗ ಮಾಮಾನ ಮನ್ಯಾಗ ಅದೀನಿ. ನಾಕೈದು ಕಾರ್ಖಾನಿಯವರ ಲಿನಕ್ಸ್ ಸರ್ವರ್ ನೋಡ್ಕೋತೀನ್ರಿ. ಬ್ಯಾಶ್‌ಆರ್‌ಸಿ ಫೈಲಿನ್ಯಾಗ ಮೇಲ್ ಕಳಸೋ ಒಂದು ಸಾಲು ಹಾಕೀನಿ. ಎಸ್‌ಎಸ್‌ಎಚ್‌ಲೆ ಬಂದ್ರ ಮೇಲ್ ಬರ್ತದ, ಆದ್ರ ಎಸ್‌ಎಫ್‌ಟಿಪಿಲೆ ಫೈಲ್ ಒಯ್ದ್ರ ಬರೂದಿಲ್ಲ. ಯಾಕ್ರಿ?
– ಸರ್ವರ್ ನೋಡಿಕೊಳ್ಳುವವರು, ಧಾರಾವಿ

ಉತ್ತರ: ಬ್ಯಾಶ್‌ಆರ್‌ಸಿ ಸಾಲುಗಳು ಸಾಮಾನ್ಯವಾಗಿ ಓಡುವುದು ಆದೇಶ ಬರೆಯಲು ಬ್ಯಾಶ್ ಶೆಲ್ ತೆರೆದಾಗ. ಎಸ್‌ಎಫ್‌ಟಿಪಿಗೆ ಆದೇಶ ಬರೆಯುವ ಅಂಥ ಶೆಲ್ ಬೇಕಾಗುವುದೇ ಇಲ್ಲ. ಮೇಲಾಗಿ ಆ ಕಡತ ಬಳಕೆದಾರರ ಕೈಯಲ್ಲೇ ಇರುತ್ತದೆ, ಒಳಬಂದವರು ನಿಮ್ಮ ಸಾಲನ್ನು ಅಳಿಸಬಹುದು, ಬೇರೆ ಶೆಲ್ ಕೇಳಬಹುದು. ಹಳೆಯ ಕೈಪಿಡಿಗಳಲ್ಲಿ ಈ ಉಪಾಯ ಈಗಲೂ ಸಿಗುತ್ತದೆ. ಅದನ್ನು ಬಿಡಿ.

ಲಾಗಿನ್ ನಡೆಯುವ ಜಾಗದಲ್ಲೇ ಮೇಲ್ ಹುಟ್ಟಬೇಕು. ಲಿನಕ್ಸ್‌ನಲ್ಲಿ ಆ ಜಾಗ ಲಾಗಿನ್‌ಗಳನ್ನು ಪರಿಶೀಲಿಸುವ ಪ್ಯಾಮ್ ಎಂಬ ವ್ಯವಸ್ಥೆ. ಇಟಿಸಿ ಫೋಲ್ಡರಿನ ಒಳಗಿನ ಪ್ಯಾಮ್ ಡಾಟ್ ಡಿ ಫೋಲ್ಡರಿನಲ್ಲಿ ಎಸ್‌ಎಸ್‌ಎಚ್‌ಡಿ ಎಂಬ ಕಡತವಿದೆ. ಅದರ ಕೊನೆಯಲ್ಲಿ ಸೆಷನ್ ವರ್ಗದ ಒಂದು ಸಾಲು ಸೇರಿಸಿ ಪ್ಯಾಮ್ ಎಕ್ಸೆಕ್ ಎಂಬ ಮಾಡ್ಯೂಲ್‌ನಿಂದ ನಿಮ್ಮ ಸ್ಕ್ರಿಪ್ಟ್ ಅನ್ನು ಕರೆಸಿ. ಶೆಲ್ ಆಗಲಿ, ಎಸ್‌ಎಫ್‌ಟಿಪಿ ಆಗಲಿ, ಎಸ್‌ಸಿಪಿ ಆಗಲಿ, ಈ ದಾರಿ ದಾಟದೆ ಒಳಗೆ ಬರುವಂತಿಲ್ಲ. ಪ್ಯಾಮ್ ನಿಮ್ಮ ಸ್ಕ್ರಿಪ್ಟ್‌ಗೆ ಬಳಕೆದಾರರ ಹೆಸರು, ಬಂದ ವಿಳಾಸ, ಸೆಷನ್ ತೆರೆಯಿತೋ ಮುಚ್ಚಿತೋ ಎಂಬುದನ್ನು ತಾನೇ ಕೊಡುತ್ತದೆ. ತೆರೆದಾಗ ಮಾತ್ರ ಮೇಲ್ ಹೋಗಲಿ, ಇಲ್ಲವಾದರೆ ಪ್ರತಿ ಭೇಟಿಗೂ ಎರಡೆರಡು ಬರುತ್ತವೆ.

ಇಲ್ಲಿ ಎಡವಿದರೆ ನೀವೇ ಹೊರಗುಳಿಯುತ್ತೀರಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಸಾಲಿನಲ್ಲಿ ‘ರಿಕ್ವೈರ್ಡ್’ ಎಂದು ಬರೆಯಬೇಡಿ, ‘ಆಪ್ಷನಲ್’ ಎಂದೇ ಬರೆಯಿರಿ. ರಿಕ್ವೈರ್ಡ್ ಎಂದಿದ್ದು ಸ್ಕ್ರಿಪ್ಟ್ ಸೋತರೆ ಲಾಗಿನ್ ಕೂಡ ಸೋಲುತ್ತದೆ. ಮೇಲ್ ಕಳಿಸುವ ಕೆಲಸವನ್ನು ಹಿನ್ನೆಲೆಗೆ ತಳ್ಳಿ, ಮೇಲ್ ಸರ್ವರ್ ಉತ್ತರಿಸದೆ ನಿಂತರೆ ನಿಮ್ಮ ಲಾಗಿನ್ ಕೂಡ ಕಾಯುತ್ತ ನಿಲ್ಲಬಾರದು. ಸ್ಕ್ರಿಪ್ಟ್ ರೂಟ್‌ನ ಒಡೆತನದಲ್ಲಿರಲಿ, ಬೇರೆಯವರಿಗೆ ಬರೆಯುವ ಅಧಿಕಾರ ಬೇಡ. ಕಡತ ತಿದ್ದುವಾಗ ಒಂದು ಎಸ್‌ಎಸ್‌ಎಚ್ ಸೆಷನ್ ತೆರೆದೇ ಇರಲಿ, ಇನ್ನೊಂದರಿಂದ ಪರೀಕ್ಷಿಸಿ. ಎಲ್ಲ ಸರಿಯಾಯಿತೆಂದು ಖಾತ್ರಿಯಾಗುವ ತನಕ ಮೊದಲನೆಯದನ್ನು ಮುಚ್ಚಬೇಡಿ.

ವಿಫಲ ಯತ್ನಗಳಿಗೆ ಮೇಲ್ ಬೇಡ. ಇಂಟರ್ನೆಟ್ಟಿಗೆ ತೆರೆದ ಯಾವ ಸರ್ವರ್‌ನ ಬಾಗಿಲನ್ನಾದರೂ ಯಂತ್ರಗಳು ಹಗಲಿರುಳು ತಟ್ಟುತ್ತಲೇ ಇರುತ್ತವೆ. ಅದನ್ನು, ಮತ್ತೆ ಮತ್ತೆ ಸೋತ ವಿಳಾಸಗಳನ್ನು ತಡೆಯುವ ಫೇಲ್‌ಟುಬ್ಯಾನ್‌ಗೆ ಬಿಡಿ, ಪಾಸ್‌ವರ್ಡ್ ಲಾಗಿನ್ ಅನ್ನೇ ನಿಲ್ಲಿಸಿ ಕೀಗಳಿಗೆ ಬನ್ನಿ. ಕೀ ಬಳಸಿದರೆ ಮತ್ತೊಂದು ಅನುಕೂಲವಿದೆ. ಎಲ್ಲರೂ ಉಬುಂಟು ಎಂಬ ಒಂದೇ ಹೆಸರಿನಲ್ಲಿ ಬರುವ ಕೆಟ್ಟ ರೂಢಿ ಕ್ಲೌಡ್ ಸರ್ವರುಗಳಲ್ಲಿ ಸಾಮಾನ್ಯ. ಅದನ್ನು ತಕ್ಷಣ ಬಿಡಿಸಲಾಗದಿದ್ದರೆ, ಯಾವ ಕೀ ಬಳಸಿ ಬಂದರು ಎಂಬ ಬೆರಳಚ್ಚು ಲಾಗ್‌ನಲ್ಲಿ ಬಿದ್ದಿರುತ್ತದೆ, ಅದನ್ನು ಮೇಲ್‌ಗೆ ಸೇರಿಸಿ. ಒಬ್ಬೊಬ್ಬರ ಕೀ ಬೇರೆ ಬೇರೆಯಾಗಿದ್ದರೆ ಬಂದವರು ಯಾರೆಂದು ತಿಳಿಯುತ್ತದೆ.

ಒಳಬಂದವನು ರೂಟ್ ಆದರೆ ಲಾಗ್ ಅಳಿಸಬಲ್ಲ, ನಿಮ್ಮ ಸ್ಕ್ರಿಪ್ಟ್ ಕೂಡ ಕಿತ್ತುಹಾಕಬಲ್ಲ. ಆದರೆ ಆಗಲೇ ಹೊರಟುಹೋದ ಮೇಲ್ ಅನ್ನು ವಾಪಸ್ ಕರೆಸಲಾರ. ಈ ಇಡೀ ಏರ್ಪಾಟಿನ ಬೆಲೆ ಇರುವುದು ಅಲ್ಲೇ, ಸುದ್ದಿ ಯಂತ್ರದಿಂದ ಹೊರಗೆ ಬಂದುಬಿಡುತ್ತದೆ. ಇದರ ಮಿತಿಯನ್ನೂ ನಿಮ್ಮ ಗಿರಾಕಿಗಳಿಗೆ ಮುಚ್ಚಿಡದೆ ಹೇಳಿ: ಹಳೆಯ ವೆಬ್‌ಸೈಟ್ ಪ್ಲಗಿನ್‌ನ ಬಿರುಕಿನಿಂದ ನುಸುಳಿದವನು ಲಾಗಿನ್ ಆಗಿರುವುದೇ ಇಲ್ಲ, ಅವನ ಬಗ್ಗೆ ಮೇಲ್ ಬರುವುದಿಲ್ಲ.

ನಿಮ್ಮ ವಯಸ್ಸಿನವರು ಕ್ಲಿಫರ್ಡ್ ಸ್ಟಾಲ್ ಕಥೆ ಓದಬೇಕು. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಖಗೋಳ ವಿಜ್ಞಾನಿಯಾಗಿದ್ದ ಅವರಿಗೆ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ಏಕೆ ತಾಳೆಯಾಗುತ್ತಿಲ್ಲ ನೋಡು ಎಂದು ಕೆಲಸ ಕೊಟ್ಟರು. ಆ ಚಿಲ್ಲರೆಯ ಬೆನ್ನು ಹತ್ತಿದಾಗ ಸಿಕ್ಕಿದ್ದು ಪ್ರಯೋಗಾಲಯದ ಕಂಪ್ಯೂಟರಿನ ಮೂಲಕ ಸೇನಾ ಕಂಪ್ಯೂಟರುಗಳನ್ನು ತಡಕುತ್ತಿದ್ದ ಒಬ್ಬ ನುಸುಳುಕೋರ. ಅವನು ಲಾಗಿನ್ ಆದ ಕ್ಷಣ ತಮ್ಮ ಪೇಜರ್ ಸದ್ದು ಮಾಡುವಂತೆ ಸ್ಟಾಲ್ ಏರ್ಪಾಟು ಮಾಡಿಕೊಂಡರು. ಹೊತ್ತಲ್ಲದ ಹೊತ್ತಿನಲ್ಲಿ ಪೇಜರ್ ಬಡಿದರೂ ಎದ್ದು ಓಡಿದರು, ಆ ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್‌ವರೆಗೆ ಹೋಯಿತು. ಲಾಗಿನ್ ಎಚ್ಚರಿಕೆ ಕೆಲಸಕ್ಕೆ ಬಂದದ್ದು ಅದನ್ನು ಕೇಳಿ ಏಳುವ ಒಬ್ಬ ಮನುಷ್ಯ ಇದ್ದುದರಿಂದ.

ಪ್ರಶ್ನೆ: ಎಲ್ಲ ಮಾಡಿದೆವು, ಮೇಲ್ ಮಾತ್ರ ಬರುತ್ತಿಲ್ಲ.
– ಫರ್ಸಾಣ್ ತಯಾರಕರು, ಧಾರಾವಿ

ಉತ್ತರ: ಮೊದಲು ಸ್ಪ್ಯಾಮ್ ಫೋಲ್ಡರ್ ನೋಡಿ. ಅಲ್ಲೂ ಇಲ್ಲದಿದ್ದರೆ ನಿಮ್ಮ ಸರ್ವರ್ ನೇರವಾಗಿ 25ನೇ ಪೋರ್ಟ್‌ನಿಂದ ಕಳಿಸಲು ಯತ್ನಿಸುತ್ತಿರಬಹುದು. ಬಹಳಷ್ಟು ಇಂಟರ್ನೆಟ್ ಮತ್ತು ಕ್ಲೌಡ್ ಸಂಸ್ಥೆಗಳು ಅದನ್ನು ಮುಚ್ಚಿರುತ್ತವೆ. 587ನೇ ಪೋರ್ಟ್‌ನಲ್ಲಿ ಒಂದು ಮೇಲ್ ಸೇವೆಗೆ ಲಾಗಿನ್ ಆಗಿ ಕಳಿಸುವಂತೆ ಹೊಂದಿಸಿ. ಜಿಮೇಲ್ ಆದರೆ ಮಾಮೂಲಿ ಪಾಸ್‌ವರ್ಡ್ 2022ರ ಮೇ ಕೊನೆಯಿಂದ ಹೀಗೆ ನಡೆಯುವುದಿಲ್ಲ. ಎರಡು ಹಂತದ ಪರಿಶೀಲನೆ ಚಾಲೂ ಮಾಡಿ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಇದಕ್ಕೆ ನಿಮ್ಮ ಸ್ವಂತ ಜಿಮೇಲ್ ಬಳಸಲೇಬೇಡಿ. ಆ ಆ್ಯಪ್ ಪಾಸ್‌ವರ್ಡ್ ಸರ್ವರ್‌ನಲ್ಲೇ ಕೂತಿರುತ್ತದೆ, ಕಳ್ಳ ಬಂದರೆ ಅದನ್ನೇ ಹಿಡಿದು ನಿಮ್ಮ ಎಲ್ಲ ಮೇಲ್ ಓದಬಲ್ಲ, ಬಂದ ಎಚ್ಚರಿಕೆಯನ್ನು ಅಳಿಸಲೂ ಬಲ್ಲ. ಕಳಿಸುವುದಕ್ಕೆಂದೇ ಬೇರೆ ಖಾತೆ ತೆರೆಯಿರಿ. ವಾರಕ್ಕೊಮ್ಮೆ ನೀವೇ ಲಾಗಿನ್ ಆಗಿ ಮೇಲ್ ಬಂತೇ ಎಂದು ನೋಡಿ.

ಪ್ರಶ್ನೆ: ಬೆಳಗಿನ 4.15ಕ್ಕೆ ನಮ್ಮ ಹುಡುಗ ಲಾಗಿನ್ ಆದನೆಂದು ಮೇಲ್ ಹೇಳುತ್ತದೆ, ಜಾಗ ಚೆನ್ನೈ ಎಂದು ತೋರಿಸುತ್ತದೆ. ಅವನು ಮುಂಬೈ ಬಿಟ್ಟಿಲ್ಲ, 9.45ಕ್ಕೆ ಕೂತೆ ಎಂದು ಆಣೆ ಹಾಕುತ್ತಾನೆ. ಕೆಲಸದಿಂದ ತೆಗೆಯಲೇ?
– ಪ್ಲಾಸ್ಟಿಕ್ ಮರುಬಳಕೆ ಘಟಕದವರು, ಧಾರಾವಿ

ಉತ್ತರ: ದಯವಿಟ್ಟು ತೆಗೆಯಬೇಡಿ, ಅವನು ನಿಜವನ್ನೇ ಹೇಳುತ್ತಿರುವಂತಿದೆ. ಕ್ಲೌಡ್ ಸರ್ವರುಗಳ ಗಡಿಯಾರ ಬಹಳ ಸಲ ಯುಟಿಸಿ ಎಂಬ ಜಾಗತಿಕ ಸಮಯದಲ್ಲೇ ಇರುತ್ತದೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ಭಾರತದ ಸಮಯ. 4.15ಕ್ಕೆ ಕೂಡಿಸಿ ನೋಡಿ, ಸರಿಯಾಗಿ 9.45 ಬರುತ್ತದೆ. ಊರಿನ ಹೆಸರಿಗೂ ಹೆಚ್ಚು ಬೆಲೆ ಕೊಡಬೇಡಿ. ಮೊಬೈಲ್ ಇಂಟರ್ನೆಟ್ಟಿನಲ್ಲಿ ಸಾವಿರಾರು ಜನ ಒಂದೇ ಹೊರವಿಳಾಸವನ್ನು ಹಂಚಿಕೊಂಡಿರುತ್ತಾರೆ, ಅದು ಯಾವ ನಗರದ ಲೆಕ್ಕಕ್ಕೆ ಸೇರಿದೆಯೋ ಆ ನಗರದ ಹೆಸರು ಕಾಣುತ್ತದೆ. ಸರ್ವರ್‌ನ ಸಮಯವಲಯವನ್ನು ಕೋಲ್ಕತ್ತಾಗೆ ಬದಲಿಸಿ, ಅಥವಾ ಮೇಲ್‌ನಲ್ಲಿ ಎರಡೂ ಸಮಯ ಬರೆಯಿಸಿ. ಗಡಿಯಾರವನ್ನು ಎನ್‌ಟಿಪಿಯಿಂದ ಸರಿಹೊಂದಿಸುವುದು ಸಲಹೆಯಷ್ಟೇ ಅಲ್ಲ. ಕೇಂದ್ರದ ಸೈಬರ್ ತುರ್ತು ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲೇ ಅದಿದೆ. ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕೆಂದೂ ಇದೆ. ಸಣ್ಣ ಉದ್ಯಮಗಳಿಗೆ ಕೊಟ್ಟಿದ್ದ ಹೆಚ್ಚಿನ ಗಡುವು ಅದೇ ವರ್ಷದ ಸೆಪ್ಟೆಂಬರ್ 25ಕ್ಕೆ ಮುಗಿಯಿತು.

ಪ್ರಶ್ನೆ: ರಾತ್ರಿ ಮೇಲ್ ಬಂತು, ನಮ್ಮವರಾರೂ ಅಲ್ಲ ಎಂದು ಖಚಿತವಾದರೆ ಆ ಹೊತ್ತಿನಲ್ಲಿ ಏನು ಮಾಡಬೇಕು?
– ಉಡುಪು ತಯಾರಕರು, ಧಾರಾವಿ

ಉತ್ತರ: ಇದಕ್ಕೆ ಉತ್ತರವನ್ನು ಹಗಲಿನಲ್ಲೇ ಗಟ್ಟಿ ಮಾಡಿಕೊಳ್ಳಿ. ಮೇಲ್ ಬರುವ ಮೊಬೈಲಿನವರಿಗೆ ಖಾತೆಯಿರುವ ಎಲ್ಲರ ಫೋನ್ ನಂಬರ್ ಗೊತ್ತಿರಲಿ. ಆ ಹೆಸರಿನವರಿಗೆ ಫೋನ್ ಮಾಡಿ ‘ನೀವೇನಾ’ ಎಂದು ಕೇಳಿ. ಮೇಲ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಕೇಳಬೇಡಿ, ದನಿ ಕೇಳಿ. ಅಲ್ಲ ಎಂದರೆ ಗಾಲಾದ ಬೀಗದ ಕೈ ಇರುವವರು, ಎಷ್ಟೋ ಸಲ ಅಲ್ಲೇ ಮಲಗುವ ಕೆಲಸಗಾರರು, ಸರ್ವರ್‌ನಿಂದ ಇಂಟರ್ನೆಟ್ ಕೇಬಲ್ ಎಳೆಯಲಿ. ಯಾವ ಕೇಬಲ್ ಎಂಬುದಕ್ಕೆ ಇಂದೇ ಕೆಂಪು ಟೇಪ್ ಸುತ್ತಿಡಿ. ಬ್ಯಾಕಪ್ ಡಿಸ್ಕ್ ಸಿಕ್ಕಿಸಿದ್ದರೆ ಅದನ್ನೂ ಕಿತ್ತು ಬೇರೆ ಇಡಲಿ. ಯಂತ್ರವನ್ನು ಆಫ್ ಮಾಡಬೇಡಿ, ಫಾರ್ಮ್ಯಾಟ್ ಮಾಡಿಸಬೇಡಿ. ಬಂದವನ ಗುರುತುಗಳು ಅದರ ಮೆಮೊರಿಯಲ್ಲೂ ಡಿಸ್ಕಿನಲ್ಲೂ ಇರುತ್ತವೆ.

ಕ್ಲೌಡ್ ಸರ್ವರ್ ಆದರೆ ಕೇಬಲ್ ಇಲ್ಲ. ನಿಮ್ಮ ಕ್ಲೌಡ್ ಖಾತೆಯೊಳಗಿನ ಫೈರ್‌ವಾಲ್‌ನಲ್ಲಿ ಎಲ್ಲ ದಾರಿ ಮುಚ್ಚಿ, ಮೊಬೈಲಿನಿಂದಲೇ ಮಾಡಬಹುದು. ಪಾಸ್‌ವರ್ಡ್‌ಗಳನ್ನು ಬದಲಿಸುವುದು ಬೇರೆ ಕಂಪ್ಯೂಟರಿನಿಂದ, ಮೊದಲು ಬ್ಯಾಂಕ್ ಮತ್ತು ಇ-ಮೇಲ್, ಆಮೇಲೆ ಉಳಿದದ್ದು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಮುಂದಿನ ಖಾತೆಗಳಲ್ಲಿ ಆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮುಂಬೈ ಪೊಲೀಸರಿಗೆ ಪ್ರತ್ಯೇಕ ಸೈಬರ್ ಠಾಣೆಗಳಿವೆ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಮೊದಲ ಮೇಲ್ ಅನ್ನು ಅಳಿಸದೆ ಇಟ್ಟುಕೊಳ್ಳಿ, ಅದರಲ್ಲಿರುವ ಸಮಯ ಮತ್ತು ವಿಳಾಸ ತನಿಖೆಗೆ ಬೇಕಾಗುತ್ತದೆ. ಸರ್ಟ್-ಇನ್‌ಗೆ ವರದಿ ಕೊಡಲು ಇರುವ ಗಡುವು, ವಿಷಯ ನಿಮ್ಮ ಗಮನಕ್ಕೆ ಬಂದ ಹೊತ್ತಿನಿಂದ 6 ಗಂಟೆ.